ಮತಗಟ್ಟೆಗೆ ಬಾರದವರ ಶಾಲಾ ಮಂಡಳಿ

ಟೆರಿ ಮೋ ಅವರ 'ಸ್ಪೆಷಲ್ ಇಂಟರೆಸ್ಟ್' (2011) ಅಮೆರಿಕದ ಶಿಕ್ಷಕರ ಸಂಘಗಳ ಮೇಲೆ ಹೊರಿಸಿದ ದೊಡ್ಡ ಆರೋಪಪಟ್ಟಿ. ಸ್ಟ್ಯಾನ್‌ಫರ್ಡ್‌ನ ರಾಜ್ಯಶಾಸ್ತ್ರಜ್ಞ ಮೋ ಹೇಳುವುದಿಷ್ಟು: ಶಾಲೆ ಇರುವುದು ಮಕ್ಕಳಿಗಾಗಿ, ನಡೆಯುವುದು ಮಾತ್ರ ಅಲ್ಲಿ ಕೆಲಸ ಮಾಡುವ ದೊಡ್ಡವರ ಅನುಕೂಲಕ್ಕೆ. ಇದು ಸಾಧ್ಯವಾಗುವ ಮುಖ್ಯ ದಾರಿಗಳಲ್ಲಿ ಶಾಲಾ ಮಂಡಳಿ ಚುನಾವಣೆಯೂ ಒಂದು ಎನ್ನುತ್ತಾರೆ ಅವರು. ಅವರು ಗುರುತಿಸಿದ ರೋಗ ನಿಜ. ಅದಕ್ಕೆ ಕೊಟ್ಟ ಕಾರಣವನ್ನು ನಾನು ಒಪ್ಪಲಾರೆ.

ನಮ್ಮ ಸರ್ಕಾರಿ ಶಾಲೆಯ ಮೇಷ್ಟರ ನೇಮಕ, ಸಂಬಳ, ವರ್ಗಾವಣೆ ಎಲ್ಲವೂ ರಾಜ್ಯ ಸರ್ಕಾರದ ಕೈಯಲ್ಲಿದೆ. ಅಮೆರಿಕದಲ್ಲಿ ಶಾಲಾ ಜಿಲ್ಲೆಗೊಂದು ಮಂಡಳಿ. ಬಹುತೇಕ ಕಡೆ ಅದನ್ನು ಊರಿನ ಮತದಾರರೇ ಆರಿಸುತ್ತಾರೆ. ಸಂಘದೊಂದಿಗೆ ಕೂತು ಸಂಬಳ, ತರಗತಿಯ ಗಾತ್ರ, ಕೆಲಸದ ನಿಯಮ ನಿಗದಿಪಡಿಸುವುದೂ ಅದೇ ಮಂಡಳಿ. ಕ್ಯಾಲಿಫೋರ್ನಿಯದಲ್ಲಿ 1975ರ ರೊಡ್ಡಾ ಕಾಯ್ದೆ ಈ ಮಾತುಕತೆಗೆ ಕಾನೂನಿನ ಬಲ ಕೊಟ್ಟಿತು. ಸಂಘವೇ ತನ್ನವರನ್ನು ಗೆಲ್ಲಿಸಿ ಮಂಡಳಿಗೆ ಕಳಿಸಿದರೆ ಮೇಜಿನ ಎರಡೂ ಬದಿಗೆ ಅದೇ ಕೂತಂತಾಯಿತಲ್ಲ ಎಂಬ ಮೋ ಅವರ ದೂರನ್ನು ಸುಲಭವಾಗಿ ತಳ್ಳಿಹಾಕಲಾಗದು.

ಅವರ ಸಾಕ್ಷ್ಯವೂ ಗಟ್ಟಿ. ಕ್ಯಾಲಿಫೋರ್ನಿಯದ ಶಿಕ್ಷಕರನ್ನು ಅವರು ಎರಡು ಗುಂಪು ಮಾಡಿ ನೋಡಿದರು: ಕಲಿಸುವ ಜಿಲ್ಲೆಯಲ್ಲೇ ಮನೆಯಿರುವವರು, ಬೇರೆ ಜಿಲ್ಲೆಯಲ್ಲಿ ಮನೆಯಿರುವವರು. ಓದು ಒಂದೇ, ವೃತ್ತಿ ಒಂದೇ. ಆದರೂ ಮಂಡಳಿ ಚುನಾವಣೆಗೆ ಮೊದಲ ಗುಂಪಿನವರು ಬಂದಷ್ಟು ಎರಡನೆಯವರು ಬರುವುದಿಲ್ಲ. ಅಂದಮೇಲೆ ಮತಗಟ್ಟೆಗೆ ಕರೆತಂದದ್ದು ಬರೀ ನಾಗರಿಕ ಪ್ರಜ್ಞೆಯಲ್ಲ, ತಮ್ಮ ನೌಕರಿಯ ಹಿತ. ಇಷ್ಟು ಸರಳವಾದ ಹೋಲಿಕೆಯಿಂದ ಇಷ್ಟು ದೊಡ್ಡ ಸಂಗತಿಯನ್ನು ಹೊರತೆಗೆದದ್ದು ಈ ಸಂಶೋಧನೆಯ ಹೆಚ್ಚುಗಾರಿಕೆ.

ಆದರೆ ಕೆಲವು ಸಾವಿರ ಶಿಕ್ಷಕರ ಮತಕ್ಕೆ ಅಷ್ಟು ತೂಕ ಬಂದದ್ದು ಹೇಗೆ? ಬೇರೆ ಯಾರೂ ಬರದಿದ್ದರಿಂದ. ಇಪ್ಪತ್ತನೇ ಶತಮಾನದ ಆರಂಭದ ಸುಧಾರಕರು ಶಾಲೆಗಳನ್ನು ಪಕ್ಷ ರಾಜಕಾರಣದಿಂದ ದೂರವಿಡಬೇಕೆಂದು ಸ್ಥಳೀಯ ಚುನಾವಣೆಗಳನ್ನು ದೊಡ್ಡ ಚುನಾವಣೆಗಳಿಂದ ಬೇರ್ಪಡಿಸಿದರು. ಉದ್ದೇಶ ಒಳ್ಳೆಯದೇ ಇದ್ದೀತು. ಪರಿಣಾಮವಾಗಿ, ಅಧ್ಯಕ್ಷರ ಹೆಸರೂ ರಾಜ್ಯಪಾಲರ ಹೆಸರೂ ಇಲ್ಲದ ಆ ಮತಪತ್ರಕ್ಕಾಗಿ ಮನೆಯಿಂದ ಹೊರಡುವವರು ವಿರಳವಾದರು. ಸಾರಾ ಆಂಜಿಯಾ 'ಟೈಮಿಂಗ್ ಅಂಡ್ ಟರ್ನೌಟ್' (2014) ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಚುನಾವಣೆಯ ದಿನಾಂಕ ಸಂಘಟಿತರ ಕೈ ಬಲಪಡಿಸುತ್ತದೆ. ಮೋ ಅವರ ಜೊತೆಗೆ ಇದನ್ನೂ ಓದಲೇಬೇಕು.

ಸಂಘಟಿತರೆಂದರೆ ಶಿಕ್ಷಕರು ಮಾತ್ರವಲ್ಲ ಎಂಬುದಕ್ಕೆ ಲಾಸ್ ಏಂಜಲೀಸ್ ಸಾಕ್ಷಿ. ನ್ಯೂಯಾರ್ಕ್ ಬಿಟ್ಟರೆ ದೇಶದ ಅತಿ ದೊಡ್ಡ ಶಾಲಾ ಜಿಲ್ಲೆ ಅದು. ಏಳು ಸದಸ್ಯರ ಮಂಡಳಿ. 2017ರ ಚುನಾವಣೆಗೆ ಹೊರಗಿನ ಗುಂಪುಗಳು ಸುಮಾರು 1.5 ಕೋಟಿ ಡಾಲರ್ ಸುರಿದವು. ಅದರಲ್ಲಿ ಹೆಚ್ಚಿನ ಪಾಲು ಸಂಘದ್ದಲ್ಲ, ಸರ್ಕಾರಿ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳ ಪರವಾದವರದು. ಆ ಬಣಕ್ಕೆ ಧಾರಾಳವಾಗಿ ಕೊಟ್ಟವರಲ್ಲಿ ನೆಟ್‌ಫ್ಲಿಕ್ಸ್‌ನ ರೀಡ್ ಹೇಸ್ಟಿಂಗ್ಸ್ ಒಬ್ಬರು. ಅವರು ಆ ಊರಿನ ಮತದಾರರೂ ಅಲ್ಲ. ಸಂಘ ಬೆಂಬಲಿಸಿದ್ದ ಮಂಡಳಿ ಅಧ್ಯಕ್ಷ, ಮಾಜಿ ಶಿಕ್ಷಕ ಸ್ಟೀವ್ ಜಿಮ್ಮರ್ ಸೋತರು. ಅಂತಿಮ ಸುತ್ತಿಗೆ ಬಂದು ಮತ ಹಾಕಿದವರು ನೂರಕ್ಕೆ ಹತ್ತರ ಆಸುಪಾಸು.

ಗೆದ್ದ ಬಣ 2018ರಲ್ಲಿ ಬ್ಯಾಂಕಿಂಗ್ ಹಿನ್ನೆಲೆಯ ಆಸ್ಟಿನ್ ಬ್ಯೂಟ್ನರ್ ಅವರನ್ನು ಸೂಪರಿಂಟೆಂಡೆಂಟ್, ಅಂದರೆ ಶಾಲಾ ಜಿಲ್ಲೆಯ ಆಡಳಿತ ಮುಖ್ಯಸ್ಥ, ಮಾಡಿತು. 2019ರ ಜನವರಿಯಲ್ಲಿ 30,000ಕ್ಕೂ ಹೆಚ್ಚು ಶಿಕ್ಷಕರು ಬೀದಿಗಿಳಿದರು. ಆರು ಶಾಲಾ ದಿನಗಳ ಆ ಮುಷ್ಕರದ ಬೇಡಿಕೆಯಲ್ಲಿ ಸಂಬಳವಿತ್ತು, ಸರಿ. ಅದರ ಜೊತೆಗೆ ಚಿಕ್ಕ ತರಗತಿ, ಪ್ರತಿ ಶಾಲೆಗೆ ನರ್ಸ್, ಗ್ರಂಥಪಾಲಕರೂ ಇದ್ದರು. ಜ್ವರ ಬಂದ ಮಗುವನ್ನು ನೋಡಿಕೊಳ್ಳಲು ನರ್ಸ್ ಬೇಕೆಂಬುದು ದೊಡ್ಡವರ ಸ್ವಾರ್ಥವೇ? ಮೋ ಅವರ ಚೌಕಟ್ಟಿನಲ್ಲಿ ಈ ಬೇಡಿಕೆಗೆ ಜಾಗವಿಲ್ಲ. ಶಿಕ್ಷಕರ ಹಿತ, ಮಕ್ಕಳ ಹಿತ ಎಂದು ಅವರು ಎಳೆಯುವ ಗೆರೆ ಎಷ್ಟೋ ಶಾಲೆಗಳ ನಿತ್ಯದ ಬದುಕಿನಲ್ಲಿ ಅಳಿಸಿಹೋಗುತ್ತದೆ. ಅದೇ ವರ್ಷದ ಮೇನಲ್ಲಿ ಮಂಡಳಿಯಲ್ಲಿ ತೆರವಾಗಿದ್ದ ಸ್ಥಾನಕ್ಕೆ ಸಂಘದ ಬೆಂಬಲದಿಂದ ನಿಂತ ಜ್ಯಾಕಿ ಗೋಲ್ಡ್‌ಬರ್ಗ್ ಗೆದ್ದರು.

ಇಷ್ಟೆಲ್ಲ ಜಗ್ಗಾಟದಲ್ಲಿ ತಂದೆತಾಯಿಗಳೆಲ್ಲಿ? ಈ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಲ್ಯಾಟಿನೋ ಮನೆಗಳ ಮಕ್ಕಳು. ಪೌರತ್ವವಿಲ್ಲದ ಹೆತ್ತವರಿಗೆ, ಮಕ್ಕಳನ್ನು ದಿನವೂ ಆ ಶಾಲೆಗೇ ಕಳಿಸಿದರೂ, ಮತವಿಲ್ಲ. ಸಂಘದ ಕೈ ಕಟ್ಟಿದ ಮಾತ್ರಕ್ಕೆ ಅವರ ದನಿ ಮಂಡಳಿಗೆ ಮುಟ್ಟುವುದಿಲ್ಲ. ಖಾಲಿಯಾದ ಜಾಗಕ್ಕೆ ಹಣವುಳ್ಳವರು ಬರುತ್ತಾರೆ, 2017ರಲ್ಲಿ ಬಂದಂತೆ. ಲಾಸ್ ಏಂಜಲೀಸ್ ಮತದಾರರು 2015ರಲ್ಲೇ ಮಂಡಳಿ ಚುನಾವಣೆಯನ್ನು ಸಮ ಸಂಖ್ಯೆಯ ವರ್ಷಗಳಿಗೆ ಸಾಗಿಸಲು ಒಪ್ಪಿದರು. 2020ರಿಂದ ಅದು ದೊಡ್ಡ ಚುನಾವಣೆಗಳ ಜೊತೆಗೇ ನಡೆಯುತ್ತಿದೆ. ಹಣದ ಹರಿವು ನಿಲ್ಲಲಿಲ್ಲ, ನಿಜ. ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2016ರ ಜನಮತದ ಮೂಲಕ, ಪೌರರಲ್ಲದ ಪೋಷಕರಿಗೂ ಶಾಲಾ ಮಂಡಳಿಗೆ ಮತ ಹಾಕುವ ಹಕ್ಕು ಕೊಟ್ಟಿತು. ಆದರೆ ಸಂಘಗಳ ಬಲ ಕುಗ್ಗಿಸಲು ಮೋ ನೆಚ್ಚಿಕೊಳ್ಳುವುದು ಇಂಥ ದಾರಿಯನ್ನಲ್ಲ, ತಂತ್ರಜ್ಞಾನವನ್ನು. ಅಷ್ಟು ಸೂಕ್ಷ್ಮವಾಗಿ ಮತದಾರರ ಪಟ್ಟಿ ಓದಿದ ವಿದ್ವಾಂಸರು ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಪೋಷಕರ ಕಡೆಗೂ ಅಷ್ಟೇ ಶ್ರದ್ಧೆಯಿಂದ ತಿರುಗಬೇಕಿತ್ತು.