ಉಪ್ಪೋ? ಸಿಹಿಯೋ?

ಗ್ಲಾಸ್ಗೋದಿಂದ ಓಬನ್‌ಗೆ ಸುಮಾರು 100 ಮೈಲಿ. ಈ ದಾರಿಯಲ್ಲಿ ಎಷ್ಟು ಸಲ ಕಾರು ಓಡಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ‘ಮತ್ತೆ ಅದೇ ರಸ್ತೆಯಾ?’ ಎಂದು ಗೆಳೆಯರು ನಗುತ್ತಾರೆ. ಹೌದು, ಅದೇ. ತಿರುವು ಎಲ್ಲಿದೆಯೆಂದು ಕೈಗೆ ಗೊತ್ತಿದ್ದರೆ ಕಣ್ಣಿಗೆ ನೀರಿನ ಕಡೆ ಹೊರಳಲು ಪುರುಸೊತ್ತು ಸಿಗುತ್ತದೆ.

ಸ್ಕಾಟ್ಲೆಂಡಿನವರಿಗೆ ನಿಂತ ನೀರೆಲ್ಲ ‘ಲಾಖ್’. ಬೆಟ್ಟಗಳ ನಡುವಿನ ಸಿಹಿನೀರಿನ ಸರೋವರವೂ ಲಾಖ್, ಕಡಲು ಮೈಲಿಗಟ್ಟಲೆ ಒಳನುಗ್ಗಿ ಮಲಗಿದ್ದೂ ಲಾಖ್. ಕೆರೆ, ಅಳಿವೆ, ಹಿನ್ನೀರು ಎಂದು ಬೇರೆಬೇರೆ ಕರೆದು ಬೆಳೆದ ನನಗೆ ಮೊದಮೊದಲು ಗಲಿಬಿಲಿ. ಉಪಾಯ ಹೇಳಿಕೊಟ್ಟವಳು ಕುಂದಾಪುರದ ನನ್ನಾಕೆ: “ನೀರ್ ಕಾಣ್ಬೇಡಿ, ದಡದ ಕಲ್ಲ್ ಕಾಣಿ.” ಕಲ್ಲಿಗೆ ಕಂದು ಬಣ್ಣದ ಕಡಲಪಾಚಿ ಜೋತುಬಿದ್ದಿದ್ದರೆ ಉಪ್ಪು; ಹುಲ್ಲು ನೀರಿನಂಚಿನವರೆಗೂ ಇಳಿದಿದ್ದರೆ ಸಿಹಿ. ಅಂದಿನಿಂದ ಈ ದಾರಿ ನಮಗೊಂದು ಆಟ.

ಲಾಖ್ ಲೋಮಂಡ್ ಸಿಹಿ. ವಿಸ್ತೀರ್ಣದಲ್ಲಿ ಬ್ರಿಟನ್ನಿಗೇ ದೊಡ್ಡ ಸರೋವರ, ಆದರೆ ಬೇಸಿಗೆಯ ಭಾನುವಾರ ಅಲ್ಲಿ ಜಾತ್ರೆ. ನಾನು ನಿಲ್ಲುವುದಿಲ್ಲ. ಟಾರ್ಬೆಟ್‌ನಲ್ಲಿ ಎಡಕ್ಕೆ ಎ83 ಹಿಡಿದರೆ ಎರಡೇ ಮೈಲಿಗೆ ಆರೊಖಾರ್, ಅಲ್ಲಿ ಲಾಖ್ ಲಾಂಗ್: ಉಪ್ಪು! 1263ರಲ್ಲಿ ನಾರ್ವೆಯ ದೊರೆ ಹಾಕನ್‌ನ ಪಡೆ ಆ ಉಪ್ಪುನೀರಿನಿಂದ ದೋಣಿಗಳನ್ನೆತ್ತಿ, ಈ ಎರಡು ಮೈಲಿ ನೆಲದ ಮೇಲೆ ಎಳೆದು, ಲೋಮಂಡ್‌ಗೆ ಇಳಿಸಿ ಊರುಗಳನ್ನು ಸೂರೆ ಮಾಡಿತು. ಟಾರ್ಬೆಟ್ ಎಂಬ ಹೆಸರಿನ ಅರ್ಥವೇ ದೋಣಿ ಎಳೆದು ದಾಟಿಸುವ ನೆಲ. ಕಾರಿಗೆ ಐದು ನಿಮಿಷ.

ಮುಂದೆ 246 ಮೀಟರ್ ಎತ್ತರದ ಘಾಟಿ. ಹೆಸರು ‘ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್’. 1740ರ ದಶಕದಲ್ಲಿ ರಸ್ತೆ ಕಡಿದ ಸೈನಿಕರು ನೆತ್ತಿಯಲ್ಲಿ ನೆಟ್ಟ ಕಲ್ಲಿನಿಂದ ಬಂದ ಹೆಸರು. ಮಳೆ ಜೋರಾದರೆ ಇಲ್ಲಿ ಗುಡ್ಡ ಕುಸಿಯುತ್ತದೆ, ನಮ್ಮ ಶಿರಾಡಿಯ ಹಾಗೇ. 2020ರ ಆಗಸ್ಟ್‌ನಲ್ಲಿ ದೊಡ್ಡ ಕುಸಿತವಾಯಿತು. ಹಾಗಾದಾಗಲೆಲ್ಲ ಕೆಳಗಿನ ಹಳೆಯ ಸೈನಿಕ ರಸ್ತೆಯಲ್ಲಿ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ಒಮ್ಮೆ ಆ ಸಾಲಿನಲ್ಲಿ ಕಾಯುತ್ತ ಫ್ಲಾಸ್ಕಿನ ಕಾಫಿ, ಓಬನ್‌ಗೆಂದು ಕಟ್ಟಿಕೊಂಡಿದ್ದ ಕೋಡುಬಳೆ, ಎರಡನ್ನೂ ಮುಗಿಸಿದ್ದೆವು.

ಲಾಖ್ ಫೈನ್ ಉಪ್ಪು. ದಡದಲ್ಲಿ ಬಿಳಿ ಗೋಡೆಗಳ ಇನ್ವರೇರಿ. ಇಲ್ಲಿಯ ಸಿಂಪಿ ಹೆಸರುವಾಸಿ. ಅದನ್ನು ಹಸಿಯಾಗಿ ನುಂಗುವ ಧೈರ್ಯ ನನಗಿನ್ನೂ ಬಂದಿಲ್ಲ. ನನ್ನಾಕೆ ಆರು ತಿಂದು, ಮಸಾಲೆ ಸಾಲದು ಎಂದಳು.

ಅಲ್ಲಿಂದ ಬಡಗಣಕ್ಕೆ ತಿರುಗಿ ಬೆಟ್ಟ ಹತ್ತಿಳಿದರೆ ಲಾಖ್ ಆ, ಮತ್ತೆ ಸಿಹಿ. ಅದರ ಮಗ್ಗುಲಿನ ಬೆನ್ ಕ್ರೂಅಖಾನ್ ಬೆಟ್ಟದ ಹೊಟ್ಟೆಯೊಳಗೆ 1965ರಿಂದ ವಿದ್ಯುತ್ ಕೇಂದ್ರವಿದೆ. ಕರೆಂಟು ಮಿಗುವ ಹೊತ್ತಿನಲ್ಲಿ ಸರೋವರದ ನೀರನ್ನು ಬೆಟ್ಟದ ಮೇಲಿನ ಜಲಾಶಯಕ್ಕೆ ಏರಿಸಿ, ಬೇಕಾದಾಗ ಕೆಳಗೆ ಬಿಡುತ್ತಾರೆ. ಉಳಿದ ನೀರು ಬ್ರ್ಯಾಂಡರ್ ಕಣಿವೆಯಲ್ಲಿ ರಸ್ತೆಯ ಜೊತೆಜೊತೆಗೇ ಹರಿದು ಲಾಖ್ ಎಟಿವ್ ಸೇರುತ್ತದೆ. ಎಟಿವ್ ಉಪ್ಪು. ಆಟದ ಕೊನೆಯ ಸುತ್ತು.

ನಾನು ಕಾರು ನಿಲ್ಲಿಸುವುದು ಕಾನೆಲ್‌ನಲ್ಲಿ, ರೈಲಿಗೆಂದು 1903ರಲ್ಲಿ ತೆರೆದು ಈಗ ಕಾರುಗಳು ಓಡಾಡುವ ಉಕ್ಕಿನ ಸೇತುವೆಯ ಕೆಳಗೆ. ಎಟಿವ್‌ನ ಬಾಯಿಗೆ ಅಡ್ಡಲಾಗಿ ನೀರೊಳಗೆ ಬಂಡೆಯ ಹೊಸ್ತಿಲಿದೆ. ಕಡಲು ಇಳಿದಾಗ ಒಳಗಿನ ನೀರು ಆ ಹೊಸ್ತಿಲ ಮೇಲೆ ಉಕ್ಕಿ, ಸುಳಿ ಸುತ್ತಿ, ನೊರೆ ಕಾರುತ್ತ ಹೊರಬೀಳುತ್ತದೆ. ಭರತ ಬಂದರೆ ನೀರಿನ ಓಟ ಒಳಮುಖ. ಇದರ ಹೆಸರು ‘ಫಾಲ್ಸ್ ಆಫ್ ಲೋರಾ’. ಹೋದ ತಿಂಗಳು ಹೊತ್ತು ತಪ್ಪಿ ಹೋಗಿ ತೆಪ್ಪಗಿದ್ದ ನೀರು ನೋಡಿ ಬಂದೆವು.

ಹೊರಡುವವರು ಪಂಚಾಂಗ ನೋಡಿ. ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದ ಒಂದೆರಡು ದಿನಕ್ಕೆ, ಓಬನ್ನಿನ ಇಳಿತದ ವೇಳೆ ತಿಳಿದುಕೊಂಡು, ಅರ್ಧ ಗಂಟೆ ಮುಂಚೆಯೇ ಕಾನೆಲ್ ತಲುಪಿ. ಓಬನ್ ಅಲ್ಲಿಂದ ಐದೇ ಮೈಲಿ, ಆಮೇಲೆ ಹೋದರಾಯಿತು.