ಗೀಸರ್ ರಿಪೇರಿ: ನೀರು ಕಾದರೆ ಸಾಲದು

ಬಚ್ಚಲುಮನೆಯ ಗೀಸರ್ ಕೆಟ್ಟರೆ ಮೆಕ್ಯಾನಿಕ್‌ಗೆ ಕಾಯದೆ ತಾವೇ ಬಿಚ್ಚಿ ಸರಿಮಾಡಿಕೊಳ್ಳುವವರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಕಾಯಿಲ್, ಥರ್ಮೋಸ್ಟಾಟ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಅವನ್ನು ಕೂರಿಸುವ ಬಗೆಯನ್ನು ತೋರಿಸುವ ವಿಡಿಯೊಗಳೂ ಇವೆ. ತನ್ನ ಮನೆಯ ಯಂತ್ರ ಹೇಗೆ ನಡೆಯುತ್ತದೆಂದು ತಿಳಿಯುವ ಈ ಹಂಬಲ ಮೆಚ್ಚತಕ್ಕದ್ದೇ. ನನ್ನ ತಕರಾರು ಇರುವುದು ರಿಪೇರಿ ಗೆದ್ದಿತೆಂದು ತೀರ್ಮಾನಿಸುವ ರೀತಿಯ ಬಗ್ಗೆ. ದೀಪ ಹತ್ತಿತು, ನಲ್ಲಿಯಲ್ಲಿ ಬಿಸಿನೀರು ಬಂತು ಎಂದರೆ ಕೆಲಸ ಮುಗಿಯಿತು ಎನ್ನುತ್ತಾರೆ. ವಿಡಿಯೊಗಳೂ ಅಲ್ಲಿಗೇ ನಿಲ್ಲುತ್ತವೆ. ಗೀಸರಿನಲ್ಲಿ ನೀರು ಕಾಯಿಸುವುದು ಕಾಯಿಲ್ ಒಂದೇ. ಥರ್ಮೋಸ್ಟಾಟ್, ಥರ್ಮಲ್ ಕಟೌಟ್, ಪ್ರೆಶರ್ ವಾಲ್ವ್, ಅರ್ಥ್ ತಂತಿ ಇವೆಲ್ಲ ಇರುವುದು ಆ ಶಾಖವನ್ನೂ ಒತ್ತಡವನ್ನೂ ಕರೆಂಟನ್ನೂ ಹದ್ದಿನಲ್ಲಿಡಲು. ಇವುಗಳಲ್ಲಿ ಒಂದನ್ನು ತೆಗೆದುಹಾಕಿದರೂ ನೀರು ಕಾಯುತ್ತಲೇ ಇರುತ್ತದೆ. ಹಾಗಾಗಿ ಬಿಸಿನೀರು ಬಂದದ್ದು ರಿಪೇರಿ ಸರಿಯಾಗಿದೆ ಎಂಬುದಕ್ಕೆ ಪುರಾವೆಯಾಗಲಾರದು.

ತೊಟ್ಟಿಕ್ಕುವ ವಾಲ್ವನ್ನೇ ನೋಡಿ. ನೀರು ಕಾದರೆ ಹಿಗ್ಗುತ್ತದೆ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 200 ಮಿಲಿಲೀಟರ್ ಹೆಚ್ಚಾಗುತ್ತದೆ. ಒಳಬರುವ ಪೈಪಿನಲ್ಲಿ ನಾನ್-ರಿಟರ್ನ್ ವಾಲ್ವ್ ಇದ್ದರೆ ಆ ನೀರು ಹಿಂದಕ್ಕೆ ಹೋಗುವಂತಿಲ್ಲ, ಪ್ರೆಶರ್ ವಾಲ್ವಿನಿಂದಲೇ ಹೊರಬರಬೇಕು. ಗೀಸರ್ ಕಾಯುವಾಗ ಮಾತ್ರ ಹನಿ ಬಿದ್ದರೆ ಅದು ವಾಲ್ವ್ ತನ್ನ ಕೆಲಸ ಮಾಡುತ್ತಿರುವ ಗುರುತು. ತಣ್ಣಗಿರುವಾಗಲೂ ಸುರಿಯುತ್ತಿದ್ದರೆ ಪರೀಕ್ಷಿಸಬೇಕಾದ ದೋಷ. ಈ ವ್ಯತ್ಯಾಸ ನೋಡದೆ ಸೋರಿಕೆಯೆಂದು ಅದರ ಬಾಯಿಗೆ ಡಮ್ಮಿ ಹಾಕಿದರೆ ನೆಲವೇನೋ ಒಣಗುತ್ತದೆ, ತೊಟ್ಟಿಯ ಒತ್ತಡಕ್ಕೆ ಮಾತ್ರ ದಾರಿಯೇ ಇಲ್ಲದಂತಾಗುತ್ತದೆ. ಕಟೌಟಿನ ವಿಷಯದಲ್ಲೂ ಇದೇ ನಡೆಯುತ್ತದೆ. ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡು ನೀರು ಮಿತಿಮೀರಿ ಕಾದಾಗ ಕರೆಂಟು ಕಡಿದುಹಾಕಲೆಂದೇ ಅದು ಇರುವುದು. ಅದು ಮತ್ತೆ ಮತ್ತೆ ಬೀಳುತ್ತಿದೆ ಎಂದರೆ ಹಿಂದೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಹುಡುಕದೆ ವೈರನ್ನು ಡೈರೆಕ್ಟ್ ಮಾಡಿಬಿಡುವ ಉಪಾಯವನ್ನು ಜಾಣತನವೆಂದು ಕರೆಯುವುದನ್ನು ಕಂಡರೆ ಸಂಕಟವಾಗುತ್ತದೆ. ವಾಲ್ವ್ ಮುಚ್ಚಿ, ಕಟೌಟ್ ತಪ್ಪಿಸಿ, ಥರ್ಮೋಸ್ಟಾಟ್ ಕೆಟ್ಟ ತೊಟ್ಟಿಯಲ್ಲಿ ನೀರು 100 ಡಿಗ್ರಿ ದಾಟಿಯೂ ಒತ್ತಡದಲ್ಲಿ ನೀರಾಗಿಯೇ ಉಳಿಯುತ್ತದೆ. ತೊಟ್ಟಿ ಬಿರಿದರೆ ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ.

ಕೆಟ್ಟದ್ದೇನೆಂದು ಪತ್ತೆಹಚ್ಚುವ ಮೊದಲೇ ಭಾಗ ಬದಲಿಸುವ ಅವಸರವೂ ಈ ರೂಢಿಯ ದೌರ್ಬಲ್ಯ. ಕೆಲವು ಮಾದರಿಗಳಲ್ಲಿ ಕಾಯಿಲ್ ತುಂಡಾಗಿದ್ದರೂ ದೀಪ ಉರಿಯುತ್ತದೆ, ಏಕೆಂದರೆ ಕಾಯಿಲ್‌ವರೆಗೆ ಕರೆಂಟು ಬಂದಿದೆ ಎಂಬುದಷ್ಟನ್ನೇ ಅದು ಹೇಳುವುದು. ಕರೆಂಟು ಪೂರ್ತಿ ತೆಗೆದು, ವೈರ್ ಬಿಡಿಸಿ ಮಲ್ಟಿಮೀಟರ್ ಹಿಡಿದರೆ 2 ಕಿಲೋವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಅಷ್ಟು ತೋರಿಸಿದರೆ ಕಾಯಿಲ್ ತುಂಡಾಗಿಲ್ಲ, ತೊಂದರೆ ಬೇರೆಡೆ ಇದೆ. ಸುಟ್ಟೇಹೋಗಿದ್ದರೂ ಹೊಸದು ಹಾಕುವ ಮುನ್ನ ಹಳೆಯದು ಯಾಕೆ ಸುಟ್ಟಿತೆಂದು ಕೇಳಬೇಡವೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆ, ಬೋರ್‌ವೆಲ್ ನಂಬಿದ ಬೆಂಗಳೂರಿನ ಬಡಾವಣೆಗಳಲ್ಲಿ ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಕಲ್ಲಿನಂತೆ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಕಾಯಿಲ್ ತಾನೇ ಬೇಯುತ್ತದೆ. ತೊಟ್ಟಿಯ ತಳದ ಪುಡಿಗಲ್ಲನ್ನು ತೆಗೆಯದೆ ಕೂರಿಸಿದ ಹೊಸ ಕಾಯಿಲ್ ಅದೇ ಹಾದಿ ಹಿಡಿಯುತ್ತದೆ. ಎಷ್ಟೋ ಗೀಸರುಗಳಲ್ಲಿ ಕಾಯಿಲ್ ಕೂತ ಬಿಲ್ಲೆಯ ಮೇಲೆಯೇ ಮೆಗ್ನೀಸಿಯಂ ಆ್ಯನೋಡ್ ಸರಳೂ ಇರುತ್ತದೆ. ತೊಟ್ಟಿಯ ಉಕ್ಕಿನ ಬದಲು ತಾನು ಸವೆಯುವುದು ಅದರ ಕೆಲಸ. ಅದು ಕರಗಿ ಬರೀ ಕಂಬಿ ಉಳಿದದ್ದು ಕಣ್ಣೆದುರಿಗಿದ್ದರೂ ಗಮನಿಸದೆ ಬೋಲ್ಟ್ ಬಿಗಿಯುವವರಿದ್ದಾರೆ. ಕಾಯಿಲ್ ಬದಲಿಸಲು ಹೇಗೂ ಬಿಚ್ಚಿದ ಮೇಲೆ ಸರಳನ್ನು ಬದಲಿಸುವುದು ಹೆಚ್ಚಿನ ಶ್ರಮವಲ್ಲ.

ನೀರೂ ಕರೆಂಟೂ ಕೂಡುವ ಜಾಗಕ್ಕೆ ಮನೆಯವರು ಕೈಯಿಡಲೇಬಾರದು ಎನ್ನುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ತೂಕವಿದೆ. ಕಾಯಿಲ್ ಕವಚ ಬಿರುಕುಬಿಟ್ಟರೆ ನೀರಿಗೆ ಹರಿಯುವ ಹತ್ತಾರು ಮಿಲಿಆಂಪಿಯರ್ ಕರೆಂಟೇ ಜೀವ ತೆಗೆಯಬಲ್ಲದು, 16 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗದು. ಅಲ್ಲಿ ಕಾಪಾಡುವವು ಸರಿಯಾದ ಅರ್ಥಿಂಗ್ ಮತ್ತು ಸೋರುವ ಕರೆಂಟನ್ನು ಗುರುತಿಸಿ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಈ ಸೋರಿಕೆಯನ್ನು ಮಲ್ಟಿಮೀಟರ್ ಹಿಡಿಯದೇ ಹೋಗಬಹುದು, ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಬೇಕು. ಅದರಿಂದ ಅರ್ಥಿಂಗ್, ವೈರಿಂಗ್, ಮೆಗ್ಗರ್ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ನಿಗೆ ಬಿಡಬೇಕೆಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮೆಕ್ಯಾನಿಕ್ ಬಂದಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಒಪ್ಪಲಾರೆ. ಡೈರೆಕ್ಟ್ ಮಾಡಿಕೊಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಕಟೌಟ್ ಎಲ್ಲಿ ಹೋಯಿತೆಂದು ಕೇಳಬಲ್ಲ ಗೃಹಿಣಿಯ ಮುಂದೆ ಹಾಗೆ ಮಾಡುವುದು ಅಷ್ಟು ಸುಲಭವಲ್ಲ, ಮತ್ತು ಆ ಪ್ರಶ್ನೆ ಹುಟ್ಟುವುದು ಒಮ್ಮೆಯಾದರೂ ಗೀಸರಿನ ಒಳಗನ್ನು ನೋಡಿ ಅರ್ಥಮಾಡಿಕೊಂಡಾಗ. ರಿಪೇರಿ ಕಲಿಸುವ ವಿಡಿಯೊಗಳಿಂದ ನಾನು ಬಯಸುವುದೂ ಇದನ್ನೇ. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬರುವವರೆಗೆ ತೊಟ್ಟಿ ತುಂಬಿದ ಮೇಲಷ್ಟೇ ಸ್ವಿಚ್ ಹಾಕುವುದನ್ನು ಅವು ತೋರಿಸಲಿ. ನೀರು ಕಾದ ಮೇಲೆ ಥರ್ಮೋಸ್ಟಾಟ್ ತಾನಾಗಿ ಕಡಿದುಕೊಳ್ಳುವವರೆಗೂ ಕ್ಯಾಮೆರಾ ನಿಲ್ಲದಿರಲಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಅದು ಬೀಳುತ್ತದೆಯೇ, ಹಿಡಿಯಿರುವ ವಾಲ್ವಾದರೆ ಹಿಡಿ ಎತ್ತಿದಾಗ ನೀರು ಬರುತ್ತದೆಯೇ ಎಂಬುದನ್ನೂ ನೋಡುಗರು ಕಾಣಲಿ.