ನೇತ್ರಾಣಿಯ ಶಿಲಾಭಿತ್ತಿ

ಕಲುಷಿತ ವೃಷಭಾವತಿಯನ್ನೇ ನಿತ್ಯವೂ ಕಾಣುವ ಕೆಂಗೇರಿ ಉಪನಗರದ ನಮಗೆ, ಮುರ್ಡೇಶ್ವರದಾಚೆ ಅರಬ್ಬೀ ಸಮುದ್ರದಲ್ಲಿ ತಲೆಯೆತ್ತಿ ನಿಂತ ನೇತ್ರಾಣಿ ದ್ವೀಪದ ಬಂಡೆಗೋಡೆಯ ಮಗ್ಗುಲಲ್ಲಿ ಸ್ಕೂಬಾ ಧರಿಸಿ ಇಳಿಯುವುದು ಲೋಕಾಂತರ ಪ್ರವೇಶವೇ ಸರಿ.

10 ಮೀಟರ್ ಆಳದಲ್ಲಿ ಒತ್ತಡವು ಇಮ್ಮಡಿಯಾಗುವುದು, ಕೆಂಬಣ್ಣವು ಮಾಸುವುದು; ಆದರೂ ಕೈದೀಪದ ಬೆಳಕು ಸೋಂಕಿದೊಡನೆ ಹವಳದ, ಸ್ಪಂಜಿನ ವರ್ಣವೈಭವವು ಮರಳಿ ಮೂಡುವುದು. 1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ರೂಪಿಸಿದ ಸ್ಕೂಬಾ ಉಪಕರಣವು ಗಾಳಿಯನ್ನೇನೋ ಒದಗಿಸಿತು. ಆದರೆ ಈ ವಿದ್ಯೆಯ ಸತ್ವವಿರುವುದು ಶ್ವಾಸನಿಯಮದಲ್ಲಿ. ಉಸಿರನ್ನೆಂದೂ ಕಟ್ಟದೆ, ಎಳೆದಾಗ ಕಿಂಚಿತ್ತು ಏರಿ, ಬಿಟ್ಟಾಗ ಕಿಂಚಿತ್ತು ಇಳಿಯುತ್ತ, ಬಂಡೆಯನ್ನಾಗಲಿ ಹವಳವನ್ನಾಗಲಿ ಬೆರಳ ತುದಿಯಿಂದಲೂ ಮುಟ್ಟದೆ ತೇಲಬಲ್ಲವನೇ ನಿಜವಾದ ಕುಶಲಿ. ಅಂತಹವನ ಸಂಯಮವು ಯಾವ ಶಾಸನಕ್ಕಿಂತಲೂ ಮಿಗಿಲಾದ ರಕ್ಷಣೆ.

ನೇತ್ರಾಣಿಗೆ ತೆರಳುವ ಬಂಧುಗಳು ಮೊದಲು ಈಜುಕೊಳದಲ್ಲಿ ಈ ಶಿಸ್ತನ್ನು ಅಭ್ಯಸಿಸಿಯೇ ಹೊರಡಬೇಕೆಂದು ನನ್ನ ವಿನಂತಿ.